ಪಟ್ಟಿಗಳಿಗೆ ಗಣಿತ ಕಲಿಸಿದ ಎಡ್ಗರ್ ಕಾಡ್

ಮಹನೀಯರ ಚರಿತ್ರೆಯೆಂದರೆ ಅರಸರು, ಸಂತರು, ಕವಿಗಳು, ದೇಶಭಕ್ತರು ಇವರನ್ನೇ ನೆನೆಯುವುದು ನಮ್ಮಲ್ಲಿ ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ಯಾರ ದುಡಿಮೆಯ ಫಲವನ್ನು ನಾವು ದಿನದಿನವೂ ಅನುಭವಿಸುತ್ತಿದ್ದೇವೆಯೋ ಅಂಥ ಹಲವರ ಹೆಸರನ್ನು ನಾವು ಕೇಳಿಯೇ ಇರುವುದಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ವಿಚಾರಿಸುವಾಗ, ಪರೀಕ್ಷೆಯ ಫಲಿತಾಂಶವನ್ನು ಮೊಬೈಲಿನಲ್ಲಿ ನೋಡುವಾಗ, ಎಲ್ಲಿಯೋ ಇರುವ ಕಂಪ್ಯೂಟರು ಲಕ್ಷಾಂತರ ಹೆಸರುಗಳ ನಡುವಿನಿಂದ ನಮ್ಮ ಹೆಸರನ್ನೇ ಹೆಕ್ಕಿ ಕೊಡುತ್ತದೆ. ಹೀಗೆ ಹೆಕ್ಕುವುದಕ್ಕೂ, ಬೇರೆ ಬೇರೆ ಪಟ್ಟಿಗಳನ್ನು ಕೂಡಿಸುವುದಕ್ಕೂ ಗಣಿತದ ಭದ್ರವಾದ ತಳಹದಿಯನ್ನು ಹಾಕಿದವರು ಎಡ್ಗರ್ ಫ್ರಾಂಕ್ ಕಾಡ್ ಎಂಬ ಆಂಗ್ಲ ಗಣಿತಜ್ಞರು. ಕಂಪ್ಯೂಟರ್ ಬಲ್ಲವರಲ್ಲಿ ಅವರ ಹೆಸರು ಜಗತ್ಪ್ರಸಿದ್ಧ. ಕಲಾ ವಿದ್ಯಾರ್ಥಿಗಳಾದ ನಮಗೂ ಅವರ ಪರಿಚಯವಿರಬೇಕೆಂಬ ಆಶೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ನನಗೆ ಅವರ ಪರಿಚಯವಾದ ಬಗೆಯನ್ನು ಮೊದಲು ಹೇಳಬೇಕು.

ನಾನು ಮೊದಲನೆಯ ವರ್ಷದ ತರಗತಿಯಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಮಂಜೂರಾದವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ತಿರಸ್ಕೃತರಾದವರ ಪಟ್ಟಿಯಲ್ಲಿಯೂ ಇರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಮಂಡಿಯಲ್ಲಿ ಮೂಟೆ ಹೊರುವವರು. ಯಾವ ಬಾಗಿಲಿಗೆ ಹೋಗಿ ಯಾರನ್ನು ಕೇಳಬೇಕೆಂಬುದು ಅವರಿಗೂ ತಿಳಿಯದು, ನನಗೂ ತಿಳಿಯದು. ಮೂರು ದಿನದ ಕೂಲಿಯನ್ನು ಬಿಟ್ಟು ಅವರು ನನ್ನ ಜೊತೆ ಒಂದು ಕಚೇರಿಗೆ ಅಲೆದರು. ಮೂರನೆಯ ದಿನ ಅಲ್ಲಿಯ ಗುಮಾಸ್ತರೊಬ್ಬರು ಸಾವಧಾನವಾಗಿ ಹುಡುಕಿ ಸಂಗತಿಯನ್ನು ತಿಳಿಸಿದರು. ಅರ್ಜಿದಾರರ ಪಟ್ಟಿ ಒಂದು, ಬ್ಯಾಂಕ್ ಖಾತೆಗಳ ಪಟ್ಟಿ ಇನ್ನೊಂದು. ಎರಡನ್ನೂ ಕೂಡಿಸಿದಾಗ ಎರಡರಲ್ಲಿಯೂ ಇದ್ದವರು ಮಾತ್ರ ಉಳಿದಿದ್ದರು. ನನ್ನ ಖಾತೆಯ ವಿವರ ಎರಡನೆಯ ಪಟ್ಟಿಗೆ ಏರಿರಲಿಲ್ಲ. ಯಾರೂ ನನ್ನನ್ನು ಬೇಡವೆಂದಿರಲಿಲ್ಲ. ನಾನು ಸದ್ದಿಲ್ಲದೆ ಬಿದ್ದುಹೋಗಿದ್ದೆ.

ಈ ವರ್ಷ ನಮ್ಮ ಐಚ್ಛಿಕ ವಿಷಯವಾದ ಕಂಪ್ಯೂಟರ್ ತರಗತಿಯಲ್ಲಿ ಗ್ರಂಥಾಲಯದ ಎರವಲು ಪುಸ್ತಕಗಳನ್ನು ತೋರಿಸುವ ಒಂದು ವೆಬ್ ಪುಟವನ್ನು ಸಿದ್ಧಪಡಿಸುವ ಕೆಲಸ ನನಗೆ ಬಂತು. ಪುಟದ ಹಿಂದೆ ನಿಂತು ಕೆಲಸ ಮಾಡುವ ಆಜ್ಞೆಗಳ ಸರಣಿಗೆ ಸ್ಕ್ರಿಪ್ಟ್ ಎಂದು ಹೆಸರು. ನಾನು ಪಿ.ಎಚ್.ಪಿ. ಎಂಬ ಭಾಷೆಯಲ್ಲಿ ಅದನ್ನು ಬರೆದೆ. ತರಗತಿಯ ೪೨ ಜನರ ಹೆಸರನ್ನು ಒಂದು ಪ್ರಶ್ನೆಯಿಂದ ತರಿಸಿಕೊಂಡು, ಬಳಿಕ ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಕಳಿಸಿ ಪುಸ್ತಕಗಳನ್ನು ವಿಚಾರಿಸಿ, ಉತ್ತರಗಳನ್ನು ಸ್ಕ್ರಿಪ್ಟಿನಲ್ಲಿಯೇ ಜೋಡಿಸಿದೆ. ಒಟ್ಟು ೪೩ ಪ್ರಶ್ನೆಗಳಾದುವು. ಅಂಗಡಿಗೆ ಹೋದ ಹುಡುಗ ಉಪ್ಪಿಗೊಮ್ಮೆ, ಬೆಲ್ಲಕ್ಕೊಮ್ಮೆ, ಬೇಳೆಗೊಮ್ಮೆ ಓಡಾಡಿದಂತಾಯಿತು ನನ್ನ ಕೆಲಸ. ಎರಡು ಕೋಷ್ಟಕಗಳನ್ನೂ ಒಂದೇ ಪ್ರಶ್ನೆಯಲ್ಲಿ ಕೂಡಿಸಿ ಕೇಳಬಹುದೆಂದು ಅಧ್ಯಾಪಕರು ತಿಳಿಸಿದರು. ಹಾಗೆಯೇ ಮಾಡಿದೆ, ಪುಟ ಒಡನೆಯೇ ತೆರೆಯಿತು. ನಾನು ಹಿಗ್ಗುತ್ತಿರುವಾಗ ಅಧ್ಯಾಪಕರು ಸಾಲುಗಳನ್ನು ಎಣಿಸಿ, ಉಳಿದ ಮಕ್ಕಳೆಲ್ಲಿ ಎಂದು ಕೇಳಿದರು. ಪುಟದಲ್ಲಿ ಇದ್ದವರು ೩೧ ಜನ ಮಾತ್ರ. ಪುಸ್ತಕವನ್ನೇ ಪಡೆಯದ ೧೧ ಜನ ಮಾಯವಾಗಿದ್ದರು. ಯಾವ ಪೆಟ್ಟನ್ನು ನಾನು ತಿಂದಿದ್ದೆನೋ ಅದೇ ಪೆಟ್ಟನ್ನು ನನ್ನ ಕೈಯಿಂದಲೇ ಬೇರೆಯವರಿಗೆ ಕೊಟ್ಟಿದ್ದೆ. ಪಟ್ಟಿಗಳನ್ನು ಕೂಡಿಸುವ ಈ ವಿದ್ಯೆಯನ್ನು ಕಂಡುಹಿಡಿದವರು ಯಾರು, ಇಂಥ ಲೋಪವನ್ನು ಅವರು ಯೋಚಿಸಿದ್ದರೇ ಎಂದು ತಿಳಿಯುವ ಹಂಬಲ ಅಂದು ಹುಟ್ಟಿತು.

ಎಡ್ಗರ್ ಕಾಡ್ ಅವರು ೧೯೨೩ನೆಯ ಇಸವಿ ಆಗಸ್ಟ್ ೧೯ರಂದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಪೋರ್ಟ್‌ಲೆಂಡ್ ಎಂಬಲ್ಲಿ ಜನಿಸಿದರು. ಏಳು ಮಕ್ಕಳಲ್ಲಿ ಅವರೇ ಕೊನೆಯವರು. ತಂದೆ ತೊಗಲಿನ ಉದ್ಯಮ ನಡೆಸುತ್ತಿದ್ದರು; ತಾಯಿ ಶಾಲೆಯ ಉಪಾಧ್ಯಾಯಿನಿ. ಪೂಲ್ ಊರಿನ ಗ್ರಾಮರ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನಲ್ಲಿ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಅಭ್ಯಾಸ ಮಾಡಿದರು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಕಾಡ್ ಅವರು ತಾವಾಗಿಯೇ ಮುಂದೆ ಬಂದು ವಾಯುಸೇನೆಯನ್ನು ಸೇರಿ, ಕರಾವಳಿಯನ್ನು ಕಾಯುವ ಪಡೆಯಲ್ಲಿ ಸಂಡರ್‌ಲೆಂಡ್ ಎಂಬ ಕಡಲ ವಿಮಾನಗಳನ್ನು ನಡೆಸಿದರು. ಯುದ್ಧ ಮುಗಿದ ಮೇಲೆ ಮರಳಿ ಬಂದು ವ್ಯಾಸಂಗವನ್ನು ಪೂರೈಸಿದರು.

೧೯೪೮ರಲ್ಲಿ ಅವರು ಅಮೆರಿಕಕ್ಕೆ ಹೋದರು. ಆಕ್ಸ್‌ಫರ್ಡಿನ ಪದವೀಧರರಾದರೂ ನ್ಯೂಯಾರ್ಕಿನಲ್ಲಿ ಅವರಿಗೆ ಮೊದಲು ದೊರೆತದ್ದು ಮೇಸಿಸ್ ಎಂಬ ದೊಡ್ಡ ಅಂಗಡಿಯಲ್ಲಿ ಗಂಡಸರ ಉಡುಪುಗಳನ್ನು ಮಾರುವ ಕೆಲಸ. ಪದವಿ ಮುಗಿದೊಡನೆ ದೊಡ್ಡ ಹುದ್ದೆ ಸಿಗದೆಂದು ಚಿಂತಿಸುವ ನಮ್ಮ ಗೆಳೆಯರು ಈ ಸಂಗತಿಯನ್ನು ಗಮನಿಸಬೇಕು. ಬಳಿಕ ಟೆನೆಸಿ ವಿಶ್ವವಿದ್ಯಾನಿಲಯದಲ್ಲಿ ಕೆಲವು ತಿಂಗಳು ಗಣಿತ ಬೋಧಿಸಿ, ಐ.ಬಿ.ಎಂ. ಸಂಸ್ಥೆಯನ್ನು ಸೇರಿ ಆ ಕಾಲದ ಭಾರೀ ಗಣಕಯಂತ್ರಕ್ಕೆ ಪ್ರೋಗ್ರಾಮುಗಳನ್ನು ಬರೆಯತೊಡಗಿದರು.

ಆಗ ಅಮೆರಿಕದಲ್ಲಿ ಸೆನೆಟರ್ ಮೆಕಾರ್ಥಿಯವರ ಪ್ರಾಬಲ್ಯ. ಕಮ್ಯೂನಿಸ್ಟರೆಂಬ ಶಂಕೆಯ ಮೇಲೆ ಅನೇಕರನ್ನು ವಿಚಾರಣೆಗೆ ಎಳೆಯಲಾಗುತ್ತಿತ್ತು. ಇದನ್ನು ಕಂಡು ಬೇಸತ್ತ ಕಾಡ್ ಅವರು ೧೯೫೩ರಲ್ಲಿ ಕೆನಡಾ ದೇಶದ ಆಟವಾ ನಗರಕ್ಕೆ ಹೊರಟುಹೋದರು. ೧೯೫೭ರಲ್ಲಿ ಐ.ಬಿ.ಎಂ.ಗೆ ಹಿಂದಿರುಗಿ, ಒಂದೇ ಯಂತ್ರವು ಏಕಕಾಲದಲ್ಲಿ ಹಲವು ಪ್ರೋಗ್ರಾಮುಗಳನ್ನು ನಡೆಸುವ ವಿಧಾನದ ಮೇಲೆ ಕೆಲಸಮಾಡಿದರು. ನಲವತ್ತರ ಅಂಚಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಮಿಷಿಗನ್ ವಿಶ್ವವಿದ್ಯಾನಿಲಯದ ಬೆಂಚಿನ ಮೇಲೆ ಕುಳಿತರು. ತನ್ನಂಥದನ್ನೇ ತಾನು ನಿರ್ಮಿಸಿಕೊಳ್ಳಬಲ್ಲ ಯಂತ್ರವನ್ನು ಗಣಿತದಲ್ಲಿ ಕಲ್ಪಿಸಲು ಫಾನ್ ನಾಯ್ಮನ್ ಎಂಬ ಮೇಧಾವಿಗೆ ೨೯ ಸ್ಥಿತಿಗಳು ಬೇಕಾಗಿದ್ದುವು. ಕಾಡ್ ಅವರು ಎಂಟೇ ಸಾಕೆಂದು ತೋರಿಸಿ ೧೯೬೫ರಲ್ಲಿ ಡಾಕ್ಟರೇಟ್ ಪಡೆದರು. ತೊಡಕಾದುದನ್ನು ಸರಳಗೊಳಿಸುವುದು ಅವರ ಬುದ್ಧಿಯ ಸಹಜ ಗುಣವೆಂಬುದು ಇಲ್ಲಿಯೇ ಕಾಣುತ್ತದೆ.

ಅನಂತರ ಅವರು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿದ್ದ ಐ.ಬಿ.ಎಂ. ಸಂಶೋಧನಾಲಯಕ್ಕೆ ಬಂದರು. ಆ ಕಾಲದಲ್ಲಿ ಕಂಪ್ಯೂಟರಿನೊಳಗೆ ದಾಖಲೆಗಳನ್ನು ಇಡುತ್ತಿದ್ದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಕೆಲವು ಕಡೆ ಅವುಗಳನ್ನು ವಂಶವೃಕ್ಷದಂತೆ, ಒಂದರ ಕೆಳಗೆ ಒಂದಾಗಿ ಇಡುತ್ತಿದ್ದರು. ಅಪೊಲೊ ಚಂದ್ರಯಾನದ ಅಸಂಖ್ಯಾತ ಬಿಡಿಭಾಗಗಳ ಲೆಕ್ಕವಿಡಲು ಹುಟ್ಟಿದ ಐ.ಬಿ.ಎಂ.ನ ಐ.ಎಂ.ಎಸ್. ಎಂಬ ವ್ಯವಸ್ಥೆ ಈ ಬಗೆಯದು. ಮತ್ತೆ ಕೆಲವು ಕಡೆ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೈಮರಗಳನ್ನು ನೆಟ್ಟು ಬಲೆಯಂತೆ ಹೆಣೆಯುತ್ತಿದ್ದರು. ಯಾವುದೇ ವಿಷಯ ಬೇಕಾದರೂ ಯಾವ ಕೊಂಬೆ ಹಿಡಿದು, ಯಾವ ಕೈಮರವನ್ನು ಅನುಸರಿಸಿ ಹೋಗಬೇಕೆಂಬುದನ್ನು ಪ್ರೋಗ್ರಾಮು ಬರೆಯುವವನೇ ಹೇಳಬೇಕು. ಒಳಗಿನ ಏರ್ಪಾಡನ್ನು ಬದಲಿಸಿದರೆ ಹಳೆಯ ಪ್ರೋಗ್ರಾಮುಗಳು ಕೆಟ್ಟು ಕೂರುತ್ತಿದ್ದುವು. ಒಟ್ಟಿನಲ್ಲಿ ದಾರಿ ಬಲ್ಲವನಿಗೆ ಮಾತ್ರ ಉತ್ತರ.

೧೯೭೦ರ ಜೂನ್ ತಿಂಗಳಲ್ಲಿ ಕಾಡ್ ಅವರು ಪ್ರಕಟಿಸಿದ ಹತ್ತು ಹನ್ನೊಂದು ಪುಟಗಳ ಒಂದು ಪ್ರಬಂಧವು ಈ ಸ್ಥಿತಿಯನ್ನು ಬದಲಿಸಿತು. ಅದರ ತಿರುಳನ್ನು ಹೀಗೆ ಹೇಳಬಹುದು. ಎಲ್ಲ ವಿಷಯವನ್ನೂ ಸಾಲು, ಅಂಕಣಗಳುಳ್ಳ ಕೋಷ್ಟಕಗಳಲ್ಲಿಡಬೇಕು. ಕೋಷ್ಟಕಗಳ ನಡುವೆ ಕೈಮರ ಬೇಡ. ಬೆಲೆಗಳೇ ಸಂಬಂಧವನ್ನು ತೋರಲಿ. ವಿದ್ಯಾರ್ಥಿಗಳ ಕೋಷ್ಟಕದಲ್ಲಿ ೧೭ನೆಯ ಸಂಖ್ಯೆಯವನು ಯಾರೋ, ಎರವಲು ಕೋಷ್ಟಕದಲ್ಲಿ ೧೭ ಎಂದಿರುವ ಸಾಲು ಅವನದೇ; ಅಷ್ಟು ಸಾಕು. ಸಾಲುಗಳ ಹಿಂದುಮುಂದಿಗೆ ಅರ್ಥವಿಲ್ಲ. ಬೇಕಾದ ಸಾಲುಗಳನ್ನು ಆರಿಸುವುದು, ಬೇಕಾದ ಅಂಕಣಗಳನ್ನು ಉಳಿಸಿಕೊಳ್ಳುವುದು, ಒಂದು ಪಟ್ಟಿಗೆ ಇನ್ನೊಂದನ್ನು ಸೇರಿಸುವುದು, ಸಮಾನ ಬೆಲೆಯ ಮೇಲೆ ಎರಡು ಕೋಷ್ಟಕಗಳನ್ನು ಬೆಸೆಯುವುದು, ಇವೆಲ್ಲ ಕೂಡುವ ಕಳೆಯುವ ಲೆಕ್ಕದಂತೆ ನಿಯಮಬದ್ಧವಾದ ಕ್ರಿಯೆಗಳು. ಈ ಬೆಸುಗೆಗೇ ಜಾಯಿನ್ ಎಂದು ಹೆಸರು. ಸಂಖ್ಯೆಗೆ ಸಂಖ್ಯೆ ಕೂಡಿದರೆ ಸಂಖ್ಯೆಯೇ ಬರುವಂತೆ, ಕೋಷ್ಟಕಕ್ಕೆ ಕೋಷ್ಟಕ ಬೆಸೆದರೆ ಬರುವುದೂ ಕೋಷ್ಟಕವೇ. ಆದ್ದರಿಂದ ಬಂದ ಉತ್ತರವನ್ನು ಮತ್ತೊಂದು ಕೋಷ್ಟಕದೊಡನೆ ಮತ್ತೆ ಬೆಸೆಯಬಹುದು. ಕೇಳುವವನು ತನಗೆ ಏನು ಬೇಕೆಂಬುದನ್ನು ಹೇಳಿದರಾಯಿತು. ಅದನ್ನು ತರುವ ದಾರಿಯನ್ನು ಹುಡುಕುವುದು ಯಂತ್ರದ ಹೊಣೆ. ಮುಂದಿನ ಲೇಖನಗಳಲ್ಲಿ ಅವರು, ಒಂದು ಸಂಗತಿಯನ್ನು ಹಲವು ಕಡೆ ಬರೆದರೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವ ಅಪಾಯವಿದೆಯೆಂದು ತಿಳಿಸಿ, ಕೋಷ್ಟಕಗಳನ್ನು ಸರಿಯಾಗಿ ವಿಂಗಡಿಸುವ ಕ್ರಮವನ್ನೂ ವಿವರಿಸಿದರು.

ಇದನ್ನು ಓದಿದಾಗ ನನಗೆ ತಂದೆಯವರೊಡನೆ ಕಚೇರಿಯ ಜಗಲಿಯ ಮೇಲೆ ಕುಳಿತ ದಿನಗಳು ನೆನಪಾದುವು. ದಾರಿ ಗೊತ್ತಿಲ್ಲದವನಿಗೂ ಕೇಳುವ ಅಧಿಕಾರವಿದೆ, ದಾರಿಯನ್ನು ತಿಳಿದುಕೊಳ್ಳುವ ಭಾರ ಅವನ ಮೇಲಿರಬಾರದು ಎಂಬುದು ಕಾಡ್ ಅವರ ಗಣಿತದ ಒಳಗಿರುವ ಮಾತೆಂದು ನನಗೆ ತೋರಿತು.

ಆದರೆ ಅವರ ಸ್ವಂತ ಸಂಸ್ಥೆಯೇ ಈ ವಿಚಾರವನ್ನು ಬೇಗ ಕೈಗೆತ್ತಿಕೊಳ್ಳಲಿಲ್ಲ. ಐ.ಎಂ.ಎಸ್. ವ್ಯವಸ್ಥೆಯಿಂದ ಅದಕ್ಕೆ ಒಳ್ಳೆಯ ಆದಾಯವಿತ್ತು. ಕೋಷ್ಟಕಗಳ ಈ ಗಣಿತ ಕಾಗದದ ಮೇಲೆ ಚೆಂದ, ಕೆಲಸದಲ್ಲಿ ಮಂದ ಎಂದು ಹಲವರು ಭಾವಿಸಿದರು. ಕೈಮರಗಳ ವಿಧಾನಕ್ಕಾಗಿ ೧೯೭೩ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಿದ್ದ ಚಾರ್ಲ್ಸ್ ಬಾಕ್ಮನ್ ಅವರಿಗೂ ಕಾಡ್ ಅವರಿಗೂ ೧೯೭೪ರಲ್ಲಿ ಆನ್ ಆರ್ಬರ್ ನಗರದಲ್ಲಿ ಬಹಿರಂಗ ವಾದವೇ ನಡೆಯಿತು. ಅದೇ ಕಾಲಕ್ಕೆ ಐ.ಬಿ.ಎಂ.ನ ಸಂಶೋಧಕರು ಸಿಸ್ಟಂ ಆರ್ ಎಂಬ ಪ್ರಯೋಗವನ್ನು ಆರಂಭಿಸಿದರು. ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಎಂಬಿಬ್ಬರು ಪ್ರಶ್ನೆ ಕೇಳುವುದಕ್ಕೆಂದು ರೂಪಿಸಿದ ಭಾಷೆಯೇ ಮುಂದೆ ಎಸ್.ಕ್ಯೂ.ಎಲ್. ಎಂದು ಪ್ರಸಿದ್ಧವಾಯಿತು. ನನ್ನ ಸ್ಕ್ರಿಪ್ಟು ಗ್ರಂಥಾಲಯದ ಕೋಷ್ಟಕಗಳನ್ನು ಕೇಳಿದ್ದೂ ಈ ಭಾಷೆಯಲ್ಲಿಯೇ. ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಇಂಗ್ರೆಸ್ ಎಂಬ ಇನ್ನೊಂದು ವ್ಯವಸ್ಥೆ ಬೆಳೆಯಿತು. ಮುದ್ರಿತ ಲೇಖನಗಳನ್ನು ಓದಿಯೇ ಪ್ರೇರಿತರಾದ ಹೊರಗಿನವರು ೧೯೭೯ರಲ್ಲಿ ಒರೇಕಲ್ ಎಂಬ ಸರಕನ್ನು ಮಾರುಕಟ್ಟೆಗೆ ತಂದರು. ಐ.ಬಿ.ಎಂ. ತನ್ನದನ್ನು ಮಾರಲಾರಂಭಿಸಿದ್ದು ೧೯೮೧ರಲ್ಲಿ. ಅದೇ ವರ್ಷ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಗಣಕ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಮನ್ನಣೆಯಿಲ್ಲ.

ಈಗ ನನ್ನ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಕೂಡಿಸುವಾಗ ಬಿದ್ದುಹೋಗುವವರನ್ನು ಅವರು ಯೋಚಿಸಿದ್ದರೇ? ಯೋಚಿಸಿದ್ದರು. ೧೯೭೯ರ ಪ್ರಬಂಧವೊಂದರಲ್ಲಿ ಅವರು, ತಿಳಿಯದಿರುವ ಬೆಲೆಯನ್ನು ಸೊನ್ನೆಯೆಂದಾಗಲಿ ಬರಿಯ ಜಾಗವೆಂದಾಗಲಿ ಬರೆಯದೆ, ತಿಳಿಯದು ಎಂಬ ಪ್ರತ್ಯೇಕ ಗುರುತಿನಿಂದ ನಡೆಸಿಕೊಳ್ಳುವುದನ್ನು ಚರ್ಚಿಸಿದರು. ಎರಡನೆಯ ಕೋಷ್ಟಕದಲ್ಲಿ ಜೊತೆ ಸಿಗದ ಸಾಲನ್ನೂ ಬಿಡದೆ, ಸಿಗದ ಕಡೆ ಆ ಗುರುತನ್ನಿಟ್ಟು ಉಳಿಸಿಕೊಳ್ಳುವ ಔಟರ್ ಜಾಯಿನ್ ಎಂಬ ಬೆಸುಗೆಯನ್ನೂ ಅಲ್ಲಿಯೇ ವಿವರಿಸಿದರು. ಈ ವಿಚಾರ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಅವರ ನಿಕಟ ಸಹೋದ್ಯೋಗಿ ಕ್ರಿಸ್ ಡೇಟ್ ಅವರೇ ಆ ಗುರುತನ್ನು ಬಲವಾಗಿ ವಿರೋಧಿಸಿದರು. ಆದರೂ ಕಾಡ್ ಅವರು ತಮ್ಮ ನಿಲುವನ್ನು ಬಿಡಲಿಲ್ಲ. ನಾನು ನನ್ನ ಪ್ರಶ್ನೆಯಲ್ಲಿ ಆ ಬೆಸುಗೆಯನ್ನು ಬಳಸಿದೆ. ೪೨ ಹೆಸರುಗಳೂ ಮರಳಿ ಬಂದುವು. ೧೧ ಹೆಸರುಗಳ ಮುಂದೆ ಪುಸ್ತಕದ ಜಾಗ ಖಾಲಿಯಿತ್ತು. ಬಿದ್ದುಹೋಗುವುದು ಕೋಷ್ಟಕಗಳ ಹಣೆಬರಹವಲ್ಲ, ಕೇಳುವವನು ಕೇಳಿದ ರೀತಿಯ ಫಲ ಎಂಬುದು ಆಗ ಅರಿವಾಯಿತು.

ಕಾಡ್ ಅವರು ೧೯೮೪ರಲ್ಲಿ ಐ.ಬಿ.ಎಂ. ಬಿಟ್ಟು, ಡೇಟ್ ಮೊದಲಾದವರೊಡನೆ ಸಲಹಾ ಸಂಸ್ಥೆಯನ್ನು ನಡೆಸಿದರು. ತಮ್ಮ ಸಿದ್ಧಾಂತದ ಹೆಸರು ಹೇಳಿ ಹಳೆಯ ಸರಕನ್ನೇ ಮಾರುವವರನ್ನು ಕಂಡು, ೧೯೮೫ರಲ್ಲಿ ಹನ್ನೆರಡು ನಿಯಮಗಳನ್ನು ಪ್ರಕಟಿಸಿದರು. ಸೊನ್ನೆಯಿಂದ ಎಣಿಸಿದ್ದರಿಂದ ಅವು ನಿಜವಾಗಿ ಹದಿಮೂರು. ತಿಳಿಯದ ಬೆಲೆಯನ್ನು ಕ್ರಮವಾಗಿ ನಡೆಸಿಕೊಳ್ಳಬೇಕೆಂಬುದು ಅವುಗಳಲ್ಲಿ ಮೂರನೆಯದು. ಒಂದೇ ಸಾಲು ಎರಡು ಸಲ ಬರಲು ಎಡೆಕೊಡುವ ಎಸ್.ಕ್ಯೂ.ಎಲ್. ಬಗ್ಗೆಯೂ ಅವರಿಗೆ ಪೂರ್ಣ ತೃಪ್ತಿಯಿರಲಿಲ್ಲ. ೨೦೦೩ನೆಯ ಇಸವಿ ಏಪ್ರಿಲ್ ೧೮ರಂದು, ತಮ್ಮ ೭೯ನೆಯ ವಯಸ್ಸಿನಲ್ಲಿ, ಫ್ಲಾರಿಡಾದ ತಮ್ಮ ಮನೆಯಲ್ಲಿ ಹೃದ್ರೋಗದಿಂದ ಅವರು ತೀರಿಕೊಂಡರು.

ಅವರು ಯಂತ್ರವನ್ನು ಕಟ್ಟಲಿಲ್ಲ, ಸರಕನ್ನು ಮಾರಿ ಸಿರಿವಂತರಾಗಲಿಲ್ಲ. ಚೆನ್ನಾಗಿ ಯೋಚಿಸಿ, ಯೋಚಿಸಿದ್ದನ್ನು ಬರೆದು, ಬರೆದುದಕ್ಕಾಗಿ ಹತ್ತು ವರ್ಷ ವಾದಿಸಿದರು. ನಮ್ಮಲ್ಲಿ ಕೆಲವರಾದರೂ ನಾಳೆ ಗುಮಾಸ್ತರಾಗಿಯೋ, ಅಧಿಕಾರಿಗಳಾಗಿಯೋ, ಪ್ರೋಗ್ರಾಮು ಬರೆಯುವವರಾಗಿಯೋ ಪಟ್ಟಿಗಳ ಮುಂದೆ ಕೂರಲಿದ್ದೇವೆ. ಎರಡು ಪಟ್ಟಿಗಳನ್ನು ಕೂಡಿಸಿದ ಮೇಲೆ ಮೊದಲಿದ್ದವರೆಷ್ಟು, ಉಳಿದವರೆಷ್ಟು ಎಂದು ಒಮ್ಮೆ ಎಣಿಸಿ ನೋಡಿದರೆ, ಎಲ್ಲಿಯೋ ಒಬ್ಬ ತಂದೆಯ ಮೂರು ದಿನದ ಕೂಲಿ ಉಳಿದೀತು. ಕಾಡ್ ಮಹಾಶಯರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ ಎಂದು ನಂಬಿ ಈ ಲೇಖನವನ್ನು ಮುಗಿಸುತ್ತೇನೆ.