ಗಾನಸ್ಮೃತಿಯ ಗವಾಯಿಗಳು

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನಿಗೆ ದೃಷ್ಟಿಭಾಗ್ಯವಿರಲಿಲ್ಲ. ಸಹೋದರ ಗುರುಬಸಯ್ಯನೂ ಅಂಧನೇ. ಇಂಥ ಮಕ್ಕಳಿಗೆ ಭಿಕ್ಷೆಯ ಹೊರತು ಬೇರೆ ಗತಿ ಕಾಣದಿದ್ದ ಕಾಲವದು. ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರನ್ನೂ ಕರೆದೊಯ್ದು ಸಂಗೀತಕ್ಕೆ ಹಚ್ಚಿದರು. ಆ ಗದಿಗೆಯ್ಯನೇ ಪಂಚಾಕ್ಷರ ಗವಾಯಿಗಳು.

ಅವರ ಬಾಳನ್ನು ನಾವಿಲ್ಲಿ ಸ್ಮೃತಿಯ ದೃಷ್ಟಿಯಿಂದ ನೋಡಬಯಸುತ್ತೇವೆ. ನಮ್ಮ ತರ್ಕಶಾಸ್ತ್ರದ ಪ್ರಕಾರ ಮೊದಲು ಅನುಭವ, ಅದರಿಂದ ಸಂಸ್ಕಾರ, ಸಂಸ್ಕಾರವು ಎಚ್ಚೆತ್ತಾಗ ಸ್ಮರಣೆ. ಅಮೆರಿಕದ ಆಟ್ಕಿನ್ಸನ್ ಮತ್ತು ಶಿಫ್ರಿನ್ ಎಂಬ ಮನಶ್ಶಾಸ್ತ್ರಜ್ಞರೂ 1968ರಲ್ಲಿ ಕ್ಷಣಕಾಲದ ಇಂದ್ರಿಯಮುದ್ರೆ, ತುಸು ಹೊತ್ತಿನ ನೆನಪು, ದೀರ್ಘಕಾಲದ ನೆನಪು ಎಂದು ಮೂರು ಹಂತಗಳನ್ನೇ ಹೇಳಿದರು. ಕಣ್ಣುಳ್ಳವನು ಮರೆತರೆ ಬರೆದಿಟ್ಟದ್ದನ್ನು ತಿರುವಿ ನೋಡುತ್ತಾನೆ. ಗವಾಯಿಗಳಿಗೆ ಆ ಆಸರೆಯೆಲ್ಲಿ? ಕಿವಿಗೆ ಬಿದ್ದ ಸ್ವರವು ಗಾಳಿಯಲ್ಲಿ ಕರಗುವ ಮುನ್ನವೇ ಕಂಠಕ್ಕಿಳಿದು, ಆವೃತ್ತಿಯ ಮೇಲಾವೃತ್ತಿಯಿಂದ ಗಟ್ಟಿಗೊಳ್ಳಬೇಕು.

ಅದೂ ಒಂದು ಪದ್ಧತಿಯಲ್ಲ, ಎರಡು. ಕರ್ನಾಟಕ ಸಂಗೀತವನ್ನು ಕಲಿತವರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರಲ್ಲಿ ಹಿಂದುಸ್ತಾನಿಯನ್ನೂ ಅಭ್ಯಸಿಸಿದರು. (ಇದೇ ಘರಾಣೆಯ ಅಬ್ದುಲ್ ಕರೀಂ ಖಾನರು ನಮ್ಮ ಯಡ್ರಾವಕ್ಕೆ ಸಮೀಪದ ಮಿರಜಿನಲ್ಲಿ ನೆಲೆಸಿದ್ದರೆಂಬುದು ವಾಚಕರಿಗೆ ತಿಳಿದದ್ದೇ.) ದಕ್ಷಿಣದವರ ತೋಡಿಯ ಸ್ವರಗಳು ಉತ್ತರದವರ ಭೈರವಿಯವು, ಉತ್ತರದವರ ತೋಡಿಯ ಸ್ವರಗಳೋ ದಕ್ಷಿಣದ ಶುಭಪಂತುವರಾಳಿಯವು. ಹೆಸರೊಂದು, ಹುರುಳೊಂದು. ಒಂದು ನೆನಪು ಮತ್ತೊಂದನ್ನು ಕೆಡಿಸುವುದು ಇಂಥಲ್ಲಿಯೇ. ಎರಡನ್ನೂ ಬೆರಕೆಯಾಗದಂತೆ ಕಾಯ್ದುಕೊಂಡದ್ದರಿಂದಲೇ ಅವರು ಉಭಯಗಾನ ವಿಶಾರದರೆನಿಸಿದರು. ಇದು ಗಿಳಿಪಾಠದ ಜ್ಞಾಪಕವಲ್ಲ, ವಿವೇಚನೆಯ ಜ್ಞಾಪಕವೆಂದು ನಮ್ಮ ಅಭಿಪ್ರಾಯ.

ಸ್ಮೃತಿಯಲ್ಲಿ ಬಗೆಗಳೂ ಉಂಟು. ಪದದ ಅರ್ಥವನ್ನು ಬಲ್ಲುದೊಂದು. ಕಳೆದ ದಿನವನ್ನು ಕಣ್ಮುಂದೆ ತರುವುದೊಂದು. ತಬಲಾದ ಮೇಲಾಡುವ ಬೆರಳುಗಳದು ಬೇರೆಯೇ ಒಂದು. ಈ ಕೊನೆಯದನ್ನು ಬಾಯಿಂದ ವಿವರಿಸಲಾಗದು, ಮಾಡಿ ಮಾಡಿಯೇ ದಕ್ಕಬೇಕು.

ಆದರೆ ಎದೆಯಲ್ಲಿಟ್ಟದ್ದು ಎದೆಯೊಡನೆ ನಿಂತುಹೋಗುವ ಭಯವಿದ್ದೇ ಇದೆ. ಗವಾಯಿಗಳು ಜಾತಿಭೇದವೆಣಿಸದೆ ಅಂಧ ಬಾಲಕರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸಂಚರಿಸುತ್ತ ಪಾಠ ಹೇಳಿದರು; ಹೊಟ್ಟೆಪಾಡಿಗೆ ನಾಟಕ ಮಂಡಳಿಯನ್ನೂ ಕಟ್ಟಿದರು. ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಅವರ ನೆಲೆಯಾಯಿತು. 1944ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಶಿಷ್ಯ ಬಸವರಾಜ ರಾಜಗುರು ಆ ವಿದ್ಯೆಯನ್ನು ದೇಶದ ಕಛೇರಿಗಳಿಗೊಯ್ದರು. ಆಶ್ರಮದ ಹೊಣೆಯನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ. ಅವರು 2010ರವರೆಗೆ, ಗುರುವಿನಿಂದ ಕೇಳಿ ಕಲಿತುದನ್ನು ಮಕ್ಕಳಿಗೆ ಕೇಳಿಸುತ್ತಲೇ ಇದ್ದರು.