ನಾಡಪ್ರಭು ಹಿರಿಯ ಕೆಂಪೇಗೌಡರು: ಜೀವನ ಹಾಗೂ ಸ್ಮಾರಕಗಳು

ಬೆಂಗಳೂರು ನಗರದ ನಿರ್ಮಾತೃವೆಂದು ಪ್ರಸಿದ್ಧರಾದ ಹಿರಿಯ ಕೆಂಪೇಗೌಡರು ವಿಜಯನಗರ ಸಾಮ್ರಾಜ್ಯದ ಸಾಮಂತರಾಗಿದ್ದ ಯಲಹಂಕ ನಾಡಪ್ರಭುಗಳ ಮನೆತನಕ್ಕೆ ಸೇರಿದವರು. ಈ ಮನೆತನದ ಮೂಲಪುರುಷನಾದ ರಣಭೈರೇಗೌಡನು ಇಂದಿನ ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿ ನೆಲೆ ನಿಂತನೆಂದೂ, ಆತನ ವಂಶಜನಾದ ಜಯಗೌಡನು ಯಲಹಂಕದಲ್ಲಿ ಪ್ರತ್ಯೇಕ ಪಾಳೆಯಪಟ್ಟನ್ನು ಸ್ಥಾಪಿಸಿದನೆಂದೂ ತಿಳಿದುಬರುತ್ತದೆ. ಹಿರಿಯ ಕೆಂಪೇಗೌಡರ ತಂದೆ ಕೆಂಪನಂಜೇಗೌಡರು. ಜನನದ ವರ್ಷ 1510 ಎಂದು ಸಾಮಾನ್ಯವಾಗಿ ಅಂಗೀಕರಿಸಲಾಗಿದ್ದು, 2017ರಿಂದ ರಾಜ್ಯ ಸರ್ಕಾರವು ಪ್ರತಿ ವರ್ಷ ಜೂನ್ 27ರಂದು ಕೆಂಪೇಗೌಡ ಜಯಂತಿಯನ್ನು ಆಚರಿಸುತ್ತಿದೆ.

ಕೆಂಪೇಗೌಡರ ಬಾಲ್ಯವು ವಿಜಯನಗರದ ವೈಭವದ ಕಾಲವಾಗಿತ್ತು. ಶ್ರೀಕೃಷ್ಣದೇವರಾಯನು 1520ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ವಶಪಡಿಸಿಕೊಂಡಾಗ ಅವರಿಗೆ ಸುಮಾರು ಹತ್ತು ವರ್ಷ. ಹೆಸರಘಟ್ಟದ ಸಮೀಪದ ಐವರುಕಂಡಪುರದ ಗುರುಕುಲದಲ್ಲಿ ಅವರ ವಿದ್ಯಾಭ್ಯಾಸ ನಡೆಯಿತೆಂದು ಪ್ರತೀತಿ.

1537ರಲ್ಲಿ ಕೆಂಪೇಗೌಡರು ಬೆಂಗಳೂರಿನಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿ ಅದರೊಳಗೆ ಪೇಟೆಯನ್ನು ನೆಲೆಗೊಳಿಸಿದರು. ಬೆಂಗಳೂರು ಎಂಬ ಹೆಸರು ಅದಕ್ಕೂ ಬಹಳ ಹಿಂದಿನದು; ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನ ಶಾಸನದಲ್ಲಿಯೇ ಅದು ಕಂಡುಬರುತ್ತದೆ. ಹೆಸರು ಮೊದಲೇ ಇತ್ತು, ಊರನ್ನು ನಗರವಾಗಿಸಿದವರು ಕೆಂಪೇಗೌಡರು. ಇಂದಿನ ಅವೆನ್ಯೂ ರಸ್ತೆಯಾಗಿರುವ ದೊಡ್ಡಪೇಟೆಯೂ ಚಿಕ್ಕಪೇಟೆಯೂ ಸಂಧಿಸುವ ಚೌಕದಿಂದ ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ ನೇಗಿಲ ಗೆರೆ ಎಳೆಯಿಸಿ, ಆ ಗೆರೆಗಳಂತೆ ಬೀದಿಗಳನ್ನು ಮಾಡಿಸಿದರೆಂಬ ಕಥೆ ಜನಜನಿತವಾಗಿದೆ. ಹಲಸೂರು, ಸೊಂಡೆಕೊಪ್ಪ, ಯಲಹಂಕ ಹಾಗೂ ಆನೇಕಲ್ ಕಡೆಗೆ ಕೋಟೆಯ ಬಾಗಿಲುಗಳಿದ್ದವು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಬಳೇಪೇಟೆ, ತರಗುಪೇಟೆ ಮೊದಲಾದ ಹೆಸರುಗಳು ಆಯಾ ಕಸುಬಿನವರಿಗೂ ವ್ಯಾಪಾರಕ್ಕೂ ಪ್ರತ್ಯೇಕ ಸ್ಥಳ ನೀಡುವ ಪೇಟೆಯ ಪದ್ಧತಿಯನ್ನು ಇಂದಿಗೂ ನೆನಪಿಸುತ್ತವೆ.

ಕೋಟೆಯ ಬಾಗಿಲು ನಿಲ್ಲದೆ ಮತ್ತೆ ಮತ್ತೆ ಕುಸಿಯುತ್ತಿದ್ದಾಗ ಸೊಸೆ ಲಕ್ಷ್ಮಮ್ಮನು ಯಾರಿಗೂ ಹೇಳದೆ ಆತ್ಮಬಲಿ ನೀಡಿದಳೆಂಬ ಐತಿಹ್ಯವಿದೆ. ಆಕೆಯ ಸಮಾಧಿಯೆಂದು ಗುರುತಿಸಲಾದ ಸ್ಥಳ ಕೋರಮಂಗಲದಲ್ಲಿದೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ನಗರವು ತನ್ನ ಸ್ಥಾಪನೆಯ ನೆನಪಿನಲ್ಲಿ ಒಬ್ಬ ಹೆಣ್ಣುಮಗಳಿಗೂ ಸ್ಥಾನವನ್ನು ಇಟ್ಟುಕೊಂಡಿದೆ ಎಂಬುದು ಗಮನಾರ್ಹ.

ಪ್ರಭುಗಳ ಕಾರ್ಯಗಳಲ್ಲಿ ಕೆರೆಗಳ ನಿರ್ಮಾಣವು ಅತ್ಯಂತ ಮಹತ್ವದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿರುವ ಬೆಂಗಳೂರಿಗೆ ದೊಡ್ಡ ನದಿಯ ಆಸರೆಯಿಲ್ಲ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇರುವ ರಾಯಚೂರು ಸೀಮೆಯ ಜನರಿಗೆ ಈ ಕೊರತೆಯನ್ನು ಊಹಿಸುವುದು ಸುಲಭವಲ್ಲ. ಮಳೆಯ ನೀರು ಇಳಿಜಾರಿನಲ್ಲಿ ಹರಿದುಹೋಗುವ ಮುನ್ನ ಅದನ್ನು ಏರಿ ಕಟ್ಟಿ ತಡೆದರೆ ಮಾತ್ರ ಪೇಟೆಗೆ ಕುಡಿಯುವ ನೀರು, ಸುತ್ತಲಿನ ಗದ್ದೆ ತೋಟಗಳಿಗೆ ನೀರಾವರಿ ದೊರೆಯುತ್ತಿತ್ತು. ಒಂದು ಕೆರೆ ತುಂಬಿ ಕೋಡಿ ಬಿದ್ದಾಗ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುವುದು ಈ ಭಾಗದ ಕೆರೆಗಳ ಕ್ರಮ. ಧರ್ಮಾಂಬುಧಿ, ಕೆಂಪಾಂಬುಧಿ ಹಾಗೂ ಸಂಪಂಗಿ ಕೆರೆಗಳ ನಿರ್ಮಾಣದ ಕೀರ್ತಿ ಕೆಂಪೇಗೌಡರ ಮನೆತನಕ್ಕೆ ಸಲ್ಲುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ದೇವಾಲಯವನ್ನು ಕಟ್ಟಿಸಿದ್ದು, ಗವಿ ಗಂಗಾಧರೇಶ್ವರ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದ್ದು ಸಹ ಅವರ ಕಾಲದಲ್ಲಿಯೇ. ತಮ್ಮ ಸಮುದಾಯದಲ್ಲಿ ಹೆಂಗಸರ ಎಡಗೈಯ ಕೊನೆಯ ಎರಡು ಬೆರಳುಗಳನ್ನು ಕತ್ತರಿಸುವ ಬಂಡಿದೇವರ ಆಚರಣೆಯನ್ನು ಅವರು ನಿಷೇಧಿಸಿದರೆಂದು ಹೇಳಲಾಗುತ್ತದೆ.

ಕೆಂಪೇಗೌಡರ ಕಾರ್ಯದಕ್ಷತೆಯನ್ನು ಮೆಚ್ಚಿದ ಅಚ್ಯುತದೇವರಾಯನು ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮೊದಲಾದ ಹೋಬಳಿಗಳನ್ನು ಅವರಿಗೆ ಉಂಬಳಿಯಾಗಿ ನೀಡಿದನು. ಇವುಗಳ ವಾರ್ಷಿಕ ಹುಟ್ಟುವಳಿ 30,000 ವರಹಗಳೆಂದು ದಾಖಲಾಗಿದೆ. ಆದರೆ ಮುಂದೆ ಅವರು ಸಾಮ್ರಾಟನ ಅನುಮತಿಯಿಲ್ಲದೆ ತಮ್ಮ ಕುಲದೇವರ ಹೆಸರಿನಲ್ಲಿ ಭೈರವ ನಾಣ್ಯವನ್ನು ಟಂಕಿಸಿದ ಕಾರಣ ಅವರ ಸೀಮೆಯನ್ನು ಮುಟ್ಟುಗೋಲು ಹಾಕಿಕೊಂಡು, ಅವರನ್ನು ಆನೆಗೊಂದಿಯ ಸೆರೆಯಲ್ಲಿರಿಸಲಾಯಿತು. ಸೆರೆವಾಸವು ಐದು ವರ್ಷಗಳ ಕಾಲವೆಂದು ಹೇಳಿಕೆ. ತುಂಗಭದ್ರೆಯ ಉತ್ತರ ದಡದ ಆನೆಗೊಂದಿಯು ಈಗಿನ ಕೊಪ್ಪಳ ಜಿಲ್ಲೆಯ ರಚನೆಗೆ ಮುನ್ನ ರಾಯಚೂರು ಜಿಲ್ಲೆಯಲ್ಲಿತ್ತು. ಬೆಂಗಳೂರಿನ ಸ್ಥಾಪಕರ ಬದುಕಿನ ಅತಿ ಕಠಿಣ ವರ್ಷಗಳು ಹೀಗೆ ಈ ಸೀಮೆಯ ನೆಲದಲ್ಲಿಯೇ ಕಳೆದವು. ಬಿಡುಗಡೆಯ ನಂತರ ಅವರಿಗೆ ಸೀಮೆಯು ಮರಳಿ ದೊರೆಯಿತು.

1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರವು ಪತನಗೊಂಡಿತು. ಅದಾದ ನಾಲ್ಕು ವರ್ಷಗಳಿಗೆ, 1569ರಲ್ಲಿ, ಕೆಂಪೇಗೌಡರು ನಿಧನ ಹೊಂದಿದರು. ಮಗ ಇಮ್ಮಡಿ ಕೆಂಪೇಗೌಡರು ಉತ್ತರಾಧಿಕಾರಿಯಾದರು. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಬೆಂಗಳೂರನ್ನು ವಶಪಡಿಸಿಕೊಂಡ ಬಳಿಕ ಮನೆತನವು ಮಾಗಡಿಗೆ ಸ್ಥಳಾಂತರಗೊಂಡಿತು.

ಈ ಪ್ರಭುಗಳ ಸ್ಮಾರಕ ಎಲ್ಲಿರಬೇಕೆಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಮೊದಲನೆಯ ಪ್ರತಿಮೆಯು ನಗರದಲ್ಲಿಯೇ ಇರಲಿಲ್ಲ. 1609ರಲ್ಲಿ ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಅವರ ಲೋಹದ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಬೆಂಗಳೂರಿನಲ್ಲಿ ನಗರಪಾಲಿಕೆ ಕಚೇರಿಯ ಮುಂದೆ ಪ್ರತಿಮೆ ನಿಂತದ್ದು 1964ರಲ್ಲಿ, ಅಂದರೆ ಸುಮಾರು ಮೂರೂವರೆ ಶತಮಾನಗಳ ನಂತರ. ಲಾಲ್‌ಬಾಗ್, ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಹಾಗೂ ಮೇಖ್ರಿ ವೃತ್ತದ ಬಳಿಯ ನಾಲ್ಕು ಗೋಪುರಗಳನ್ನು ಹಿರಿಯ ಕೆಂಪೇಗೌಡರೇ ಕಟ್ಟಿಸಿದರೆಂದು ಹಲವರು ಭಾವಿಸುತ್ತಾರೆ. ಆದರೆ ಅವು ಇಮ್ಮಡಿ ಕೆಂಪೇಗೌಡರ ಕಾಲದವೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ನಗರವು ಆ ನಾಲ್ಕು ಎಲ್ಲೆಗಳನ್ನು ದಾಟಿ ಬೆಳೆದು ಬಹಳ ಕಾಲವಾಯಿತು.

2013ರಲ್ಲಿ ದೇವನಹಳ್ಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರನ್ನು ಇಡಲಾಯಿತು. ಅಲ್ಲಿ ಶಿಲ್ಪಿ ರಾಮ್ ವಿ. ಸುತಾರ್ ಅವರು ರೂಪಿಸಿದ 108 ಅಡಿ ಎತ್ತರದ ಪ್ರತಿಮೆಯನ್ನು 2022ರ ನವೆಂಬರ್ 11ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಇದಕ್ಕೆ 98 ಟನ್ ಕಂಚು ಮತ್ತು 120 ಟನ್ ಉಕ್ಕನ್ನು ಬಳಸಲಾಗಿದ್ದು, ಸುತ್ತಲೂ 23 ಎಕರೆಯ ಉದ್ಯಾನವನ್ನು ಯೋಜಿಸಲಾಯಿತು. ಅನಾವರಣಕ್ಕೆ ಮುನ್ನ ರಾಜ್ಯದಾದ್ಯಂತ ಗ್ರಾಮಗಳಿಂದ ಪವಿತ್ರ ಮೃತ್ತಿಕೆಯನ್ನು ಸಂಗ್ರಹಿಸಲಾಗಿತ್ತು. 2023ರ ಮಾರ್ಚ್ 26ರಂದು ವಿಧಾನಸೌಧದ ಆವರಣದಲ್ಲಿ ಬಸವೇಶ್ವರರ ಪ್ರತಿಮೆಯೊಡನೆ ಕೆಂಪೇಗೌಡರ ಪ್ರತಿಮೆಯೂ ಅನಾವರಣಗೊಂಡಿತು.

ವಿಮಾನ ನಿಲ್ದಾಣವು ಹಳೆಯ ಪೇಟೆಯಿಂದ 30 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವುದರಿಂದ ಅದು ಸೂಕ್ತ ಸ್ಥಳವೇ ಎಂಬ ಪ್ರಶ್ನೆ ಸಹಜ. ಮನೆತನದ ಮೊದಲ ನೆಲೆಯಾದ ಆವತಿಯು ಅದೇ ತಾಲ್ಲೂಕಿನಲ್ಲಿರುವುದರಿಂದ ಸ್ಥಳದ ಆಯ್ಕೆಯು ಇತಿಹಾಸಕ್ಕೆ ತೀರ ಹೊರತಾದುದಲ್ಲ. ಆದರೂ ವಿಮಾನದಲ್ಲಿ ಪಯಣಿಸುವವರು ಕೆಲವರು. ಯಾಪಲದಿನ್ನಿಯಂತಹ ಗ್ರಾಮಗಳಿಂದ, ದೇವದುರ್ಗ, ಮಾನ್ವಿ ಕಡೆಗಳಿಂದ ಕೆಲಸಕ್ಕಾಗಿಯೋ ಕಚೇರಿಯ ಕಾರ್ಯಕ್ಕಾಗಿಯೋ ರಾತ್ರಿ ಬಸ್ಸಿನಲ್ಲಿ ಬರುವ ನಾಗರಿಕರಲ್ಲಿ ಹಲವರು ಬೆಳಗಿನ ಜಾವ ಇಳಿಯುವುದು ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ. ಅದರ ಬದಿಯ ಮೆಟ್ರೋ ನಿಲ್ದಾಣಕ್ಕೂ ನಾಡಪ್ರಭುಗಳದೇ ಹೆಸರು. ಆ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದ ಮೇಲೆ. ಕಟ್ಟಿಸಿದವರ ಹೆಸರು ಉಳಿದು ಕಟ್ಟಿಸಿದ ಕೆರೆ ಅಳಿದಿರುವ ಸ್ಥಳವದು.

ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ಉತ್ಸವಕ್ಕಾಗಿ ಚಿಕ್ಕ ಕೊಳವೊಂದನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಗವಿಪುರದ ಬಳಿಯ ಕೆಂಪಾಂಬುಧಿ ಇನ್ನೂ ಕೆರೆಯಾಗಿ ಉಳಿದಿದ್ದು, ಒಳಚರಂಡಿ ನೀರಿನ ತೊಂದರೆಯನ್ನು ಎದುರಿಸುತ್ತ ಬಂದಿದೆ. ಹೊಸ ಸ್ಮಾರಕವನ್ನು ಕಟ್ಟುವ ಮಾತು ಬಂದಾಗ ಈ ಕೆರೆಯ ನೀರನ್ನು ಶುದ್ಧವಾಗಿಡುವ ಕಾರ್ಯವೂ ಸ್ಮಾರಕದ ಲೆಕ್ಕದಲ್ಲಿಯೇ ಸೇರಬೇಕಾದುದು.

ಕೆಂಪೇಗೌಡರ ಸಮಾಧಿಯು ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಅದನ್ನು ಗುರುತಿಸಲಾಯಿತು. ಕುಣಿಗಲ್ಲಿನಿಂದ ಹಿಂದಿರುಗುವಾಗ ನಡೆದ ಕಾಳಗದಲ್ಲಿ ಹಿರಿಯ ಕೆಂಪೇಗೌಡರು ಅಲ್ಲಿ ಮಡಿದರೆಂದು ಆ ಸ್ಥಳದ ಶಾಸನವು ತಿಳಿಸುತ್ತದೆ. ಅದು ಒಂದು ಸಣ್ಣ ಹಳ್ಳಿ, ಸಮಾಧಿಯೂ ಸಣ್ಣದು. ನಂತರದ ವರ್ಷಗಳಲ್ಲಿ ಅದರ ಸಂರಕ್ಷಣೆಗೆ ಹಾಗೂ ಕೆಂಪೇಗೌಡರಿಗೆ ಸಂಬಂಧಿಸಿದ ಇತರ ಪಾರಂಪರಿಕ ತಾಣಗಳ ಅಭಿವೃದ್ಧಿಗೆ ಸರ್ಕಾರವು ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿತು.