ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು

ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ತೇರನ್ನೆಳೆಯುವ ಜನಸ್ತೋಮವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆ ಗದ್ದಲವನ್ನು ಒಂದು ಹಾಳೆಯ ಮೇಲೆ ತರುವುದು ಹೇಗೆ? ಒಬ್ಬೊಬ್ಬರ ಕಣ್ಣು, ಮೂಗು, ರುಮಾಲುಗಳನ್ನು ಬಿಡದೆ ಬರೆಯುತ್ತ ಹೋದರೆ ಜನರೆಲ್ಲ ನಿಂತಲ್ಲಿಯೇ ನಿಂತುಬಿಡುತ್ತಾರೆ. ಜಾತ್ರೆಯ ಜೀವವಿರುವುದು ಚಲನೆಯಲ್ಲಿ. ಆ ಚಲನೆಯನ್ನು ಹಿಡಿಯಲೆಂದು, ಗುರುವಾದ ಮೇಲೂ ಮತ್ತೆ ಶಿಷ್ಯರಾದ ಕನ್ನಡಿಗರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಅವರ ಜನನವಾಯಿತು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿ 1938ರಲ್ಲಿ ಡಿಪ್ಲೊಮಾ ಪಡೆದರು. ಅಲ್ಲಿಯೇ ಕೆಲವು ವರ್ಷ ಅಧ್ಯಾಪಕರಾಗಿಯೂ ದುಡಿದರು. ಎದುರಿಗಿದ್ದುದನ್ನು ಇದ್ದಂತೆಯೇ ಚಿತ್ರಿಸುವ ಪಾಶ್ಚಾತ್ಯ ಪದ್ಧತಿ ಅವರಿಗೆ ಕರಗತವಾಗಿತ್ತು. ನೆಮ್ಮದಿಯಿಂದ ಬಾಳಲು ಅಷ್ಟು ಸಾಕಿತ್ತು. ಆದರೆ ಅದರಲ್ಲಿ ತಮ್ಮದೆಂಬುದು ಏನೋ ಕೊರತೆಯಾಗಿದೆ ಎಂಬ ಅತೃಪ್ತಿ ಅವರನ್ನು ಕಾಡಿತು.

ಹೆಬ್ಬಾರರು ಜೈನ ಹಸ್ತಪ್ರತಿಗಳ ಕಿರುಚಿತ್ರಗಳನ್ನೂ, ರಜಪೂತ ಹಾಗೂ ಮೊಗಲ ಶೈಲಿಗಳನ್ನೂ, ಅಜಂತೆಯ ಭಿತ್ತಿಚಿತ್ರಗಳನ್ನೂ ಅಭ್ಯಸಿಸಿದರು. ಅಮೃತಾ ಶೇರ್‌ಗಿಲ್ ಮತ್ತು ಫ್ರಾನ್ಸಿನ ಗೊಗ್ಯಾ ಇವರ ಕೃತಿಗಳೂ ದಾರಿ ತೋರಿದವು. 1949ರಲ್ಲಿ, ನಾಲ್ವತ್ತರ ಹೊಸ್ತಿಲಲ್ಲಿದ್ದಾಗ, ಪ್ಯಾರಿಸಿಗೆ ಹೋಗಿ ಜೂಲಿಯನ್ ಅಕಾಡೆಮಿಯಲ್ಲಿ ತಾವೂ ಒಬ್ಬ ವಿದ್ಯಾರ್ಥಿಯಾಗಿ ಕುಳಿತರು. ಇದಕ್ಕಿಂತಲೂ ಅಚ್ಚರಿಯ ಸಂಗತಿ ಇನ್ನೊಂದುಂಟು. ಲಯವನ್ನು ಮೈಯಿಂದಲೇ ಅರಿಯಬೇಕೆಂದು ಅವರು ಪಂಡಿತ ಸುಂದರಪ್ರಸಾದರಲ್ಲಿ ಎರಡು ವರ್ಷ ಕಥಕ್ ನೃತ್ಯ ಕಲಿತರು!

ಆ ಸಾಧನೆಯ ಫಲವನ್ನು ಅವರ ರೇಖಾಚಿತ್ರಗಳಲ್ಲಿ ಕಾಣಬೇಕು. ಬಾಗಿದ ಬೆನ್ನಿಗೊಂದು ಬೀಸು, ಎತ್ತಿದ ತೋಳಿಗೊಂದು ಬೀಸು. ಗೆರೆ ತಡವರಿಸದೆ ಓಡುತ್ತದೆ. ನರ್ತಕರು, ವಾದ್ಯಗಾರರು, ದುಡಿಯುವ ಜನ, ಕರಾವಳಿಯ ಕೋಳಿ ಅಂಕ ಎಲ್ಲವೂ ಅಲ್ಲಿ ಚಲಿಸುತ್ತವೆ. ಬಿಟ್ಟುದನ್ನು ನೋಡುವವನ ಕಣ್ಣೇ ತುಂಬಿಕೊಳ್ಳುತ್ತದೆ. ಇದನ್ನು ಅವಸರದ ಗೀಚೆಂದು ಬಗೆದರೆ ತಪ್ಪಾದೀತು. ಅಂಗಾಂಗಗಳ ಅಳತೆಯನ್ನು ವರುಷಗಟ್ಟಲೆ ತಿದ್ದಿದ ಕೈಗೆ ಮಾತ್ರ ಏನನ್ನು ಬಿಡಬೇಕೆಂಬುದು ತಿಳಿದೀತು.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1996ರಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.

ನನ್ನಂತೆ ಮನೆತನದಲ್ಲಿಯೇ ಮೊದಲಿಗರಾಗಿ ಪದವಿಯ ಬಾಗಿಲಿಗೆ ಬಂದವರು ಈ ಕಾಲೇಜಿನಲ್ಲಿ ಹಲವರಿದ್ದೇವೆ. ಪದವಿ ಕೈಗೆ ಬಂದರೆ ಕಲಿಕೆ ಮುಗಿಯಿತೆಂದು ನಮ್ಮ ಮನೆಗಳಲ್ಲಿ ಎಣಿಸುತ್ತಾರೆ. ನಾವೂ ಹಾಗೆಯೇ ಎಣಿಸುತ್ತೇವೆ. ಡಿಪ್ಲೊಮಾ ಪಡೆದು, ಪಾಠ ಹೇಳಿ, ಆಮೇಲೆ ಗೆಜ್ಜೆ ಕಟ್ಟಿ ಶಿಷ್ಯನಾಗಿ ನಿಂತ ಈ ಹಿರಿಯರ ಜೀವನ ನಮ್ಮ ಆ ಎಣಿಕೆಯನ್ನು ತಿದ್ದಲಿ.